ಪಿಯಾನೊ ಮೇಲೆ ಮಲಗಿದ ಚೆಕ್ಕುಗಳು

ನಮ್ಮೂರು ಟಾಲ್ಬಟ್ ಲ್ಯಾಂಡಿಂಗಿನ ಮುಂದೆ ಓಹಾಯೋ ನದಿ ಯಾವ ಅವಸರವೂ ಇಲ್ಲದೆ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಬೆಳಗಿನ ಹೊತ್ತು ಆ ತಿರುವಿನಲ್ಲಿ ಮಂಜು ತುಂಬಿಕೊಂಡಿತೆಂದರೆ ಕಲ್ಲಿದ್ದಲು ಹೇರಿಕೊಂಡು ಹೋಗುವ ಬಾರ್ಜುಗಳು ಕಣ್ಣಿಗೆ ಬೀಳುವುದಿಲ್ಲ. ಅವುಗಳನ್ನು ಹಿಂದಿನಿಂದ ನೂಕುವ ಹಡಗಿನ ಎಂಜಿನ್ನು ಮಾತ್ರ ನನ್ನ ಕ್ಷೌರದಂಗಡಿಯ ಗಾಜನ್ನು ಸಣ್ಣಗೆ ನಡುಗಿಸುತ್ತದೆ. ನಾನು ಕಾಫಿ ಹಿಡಿದುಕೊಂಡು ಕಿಟಕಿಯ ಬಳಿ ಕೂತು ಎದುರಿನ ಬ್ಯಾಂಕನ್ನು ನೋಡುತ್ತೇನೆ. ನೋಡಬೇಕೆಂದಲ್ಲ, ಎದುರಿಗೆ ಇರುವುದೇ ಅದು. ಆ ಬ್ಯಾಂಕನ್ನು ಯಾರು ಯಾರೋ ಕೊಂಡು ಮಾರಿ ಅದರ ಹೆಸರು ಮೂರು ಸಲ ಬದಲಾಯಿತು. ನನ್ನ ಬೋರ್ಡಿನ ಮೇಲೆ ಮಾತ್ರ ಅಂದಿನಿಂದ ಇಂದಿನವರೆಗೆ 'ಹೋಬಿ' ಎಂದೇ ಇದೆ.

ಅಂಥ ಮಂಜಿನೊಳಗಿಂದಲೇ ಆರ್ಡಿತ್ ಲೂಮಿಸ್ ನಡೆದು ಬರುತ್ತಿದ್ದಳು, ಈಗಲೂ ಬರುತ್ತಾಳೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಎತ್ತರದ ಹೆಂಗಸು, ಗಂಡನ ಹಳೇ ಕೋಟು, ತಲೆಗೆ ಕಟ್ಟಿದ ಹೂವಿನ ಬಟ್ಟೆ. ದಾರಿಯಲ್ಲಿ ನದಿಯ ಕಡೆ ತಿರುಗಿ ಒಂದು ಗಳಿಗೆ ಹಾಗೇ ನಿಂತುಬಿಡುತ್ತಾಳೆ. ಅವಳ ಗಂಡ ಡೆಲ್ಬರ್ಟ್ ಆ ಹಡಗುಗಳಲ್ಲೇ ಹಗ್ಗ ಎಳೆದವನು. ತಿಂಗಳು ನೀರಿನ ಮೇಲೆ, ತಿಂಗಳು ಮನೆಯಲ್ಲಿ. ಹೃದಯ ನಿಂತು ಹೋದಾಗ ಪಾಪ, ಅವನು ಮನೆಯಲ್ಲೇ ಇದ್ದ. ಆದರೂ ಅವಳು ನದಿಯ ಕಡೆಯೇ ನೋಡುತ್ತಾಳೆ. ಮೂವತ್ತು ವರ್ಷದ ಅಭ್ಯಾಸ ಸಾವಿಗೆ ಬಗ್ಗುತ್ತದೆಯೇ?

ಹಡಗಿನವನ ಹೆಂಡತಿಗೆ ಬೇರೆಯವರಿಗೆ ಗೊತ್ತಿಲ್ಲದ ಒಂದು ವಿದ್ಯೆ ಗೊತ್ತಿರಬೇಕಾಗುತ್ತದೆ. ಸಂಬಳ ಬರುವ ದಿನಕ್ಕೂ ಖರ್ಚು ಬರುವ ದಿನಕ್ಕೂ ಅವರ ಮನೆಯಲ್ಲಿ ಎಂದೂ ತಾಳೆ ಬೀಳುತ್ತಿರಲಿಲ್ಲ. ಅವಳು ದಿನಸಿಯವನಿಗೆ ಚೆಕ್ಕು ಬರೆದು ಕೊಡುವಾಗ ಖಾತೆಯಲ್ಲಿ ಅಷ್ಟು ದುಡ್ಡು ಇರುತ್ತಿರಲಿಲ್ಲ. ಆದರೆ ಆ ಚೆಕ್ಕು ದಿನಸಿಯವನ ಡ್ರಾಯರಿನಲ್ಲಿ ಒಂದು ದಿನ, ಬ್ಯಾಂಕಿನಲ್ಲಿ ಒಂದು ದಿನ, ಶಹರಕ್ಕೆ ಹೋಗುವ ವ್ಯಾನಿನಲ್ಲಿ ಒಂದು ರಾತ್ರಿ ಕಳೆದು, ತಿರುಗಿ ಅವಳ ಖಾತೆಯ ಬಾಗಿಲು ತಟ್ಟುವ ಹೊತ್ತಿಗೆ ಡೆಲ್ಬರ್ಟನ ಸಂಬಳ ಬಂದು ಕೂತಿರುತ್ತಿತ್ತು. ನಮ್ಮ ಕಡೆ ಇದಕ್ಕೆ 'ತೇಲಿಸುವುದು' ಎನ್ನುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದೊಡ್ಡವರು ಹೇಳುತ್ತಾರಲ್ಲ, ನಮ್ಮೂರಿನವರು ಶುಕ್ರವಾರ ಬರಲಿರುವ ಹಾಸಿಗೆಯನ್ನು ನಂಬಿ ಮಂಗಳವಾರವೇ ಕಾಲು ಚಾಚುತ್ತಿದ್ದರು. ನಾನೂ ಚಾಚಿದ್ದೇನೆ. ಮೋಸ ಎಂದು ಯಾರಿಗೂ ಅನ್ನಿಸಿದ್ದಿಲ್ಲ.

ಆರ್ಡಿತ್‌ಗೆ ಮಾತ್ರ ಅದು ಬರೀ ಉಪಾಯವಾಗಿರಲಿಲ್ಲ, ಅದರಲ್ಲಿ ಅವಳಿಗೊಂದು ಸುಖವಿತ್ತು.

"ಹಣಕ್ಕೂ ಸ್ವಲ್ಪ ನಿದ್ದೆ ಬೇಕು ಕಣೋ ಹೋಬಿ," ಎನ್ನುತ್ತಿದ್ದಳು. "ಆ ಎರಡು ಮೂರು ದಿನ ಅದು ನಂದೂ ಅಲ್ಲ, ಅಂಗಡಿಯವಂದೂ ಅಲ್ಲ. ಎಲ್ಲೋ ವ್ಯಾನಿನಲ್ಲಿ ಮಲಗಿರುತ್ತೆ. ನಂಗೂ ಆಗ ಚೆನ್ನಾಗ್ ನಿದ್ದೆ ಬರುತ್ತೆ."

"ನಿಂಗೆ ತಲೆ ಕೆಟ್ಟಿದೆ," ಎನ್ನುತ್ತಿದ್ದೆ ನಾನು.

"ಕೆಟ್ಟಿರ್ಲಿ ಬಿಡು. ಒಂದಾದ್ರೂ ಚೆಕ್ಕು ವಾಪಸ್ ಬಂದಿದ್ಯಾ ಹೇಳು?"

ಬಂದಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದೇ ಒಂದೂ ವಾಪಸು ಬಂದಿರಲಿಲ್ಲ.

ಊರ ಹಿಂದಿನ ದಿಣ್ಣೆಯ ಮೇಲೆ ನಮ್ಮವರ ಗೋರಿಗಳಿವೆ. ಅಲ್ಲಿಂದ ನೋಡಿದರೆ ನದಿಯ ತಿರುವು ಪೂರಾ ಕಾಣುತ್ತದೆ. ಅಲ್ಲಿ ಹುಲ್ಲು ಕೊಯ್ಯಿಸಲು, ಬೇಲಿಗೆ ಬಣ್ಣ ಬಳಿಸಲು ಊರಿನವರದೇ ಒಂದು ಸಂಘವಿದೆ. ಮೇ ತಿಂಗಳ ಕೊನೆಯ ಸೋಮವಾರ ಎಲ್ಲರೂ ಗೋರಿಗಳಿಗೆ ಹೂವಿಟ್ಟು, ಮರದಡಿ ಮೇಜು ಹಾಕಿ, ಕರಿದ ಕೋಳಿ, ಆಲೂಗಡ್ಡೆ ಸಲಾಡು, ಪರ್ಸಿಮನ್ ಹಣ್ಣಿನ ಪುಡಿಂಗು ಹಂಚಿಕೊಂಡು ತಿನ್ನುತ್ತೇವೆ. ಗೇಟಿನ ಬಳಿ ಮುಚ್ಚಳದಲ್ಲಿ ಸೀಳು ಕೊಯ್ದ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತದೆ. ಯಾರ ಯಾರ ಮನೆಯವರು ಅಲ್ಲಿ ಮಲಗಿದ್ದಾರೋ ಅವರು ಅದರೊಳಗೆ ಚೆಕ್ಕು ಹಾಕುತ್ತಾರೆ.

ಸಂಘದ ಖಜಾಂಚಿ ಆರ್ವಿಲ್ ಸ್ಟಕ್ಕಿ. ಸೋಮಾರಿಗಳ ಸಂಘವೊಂದಿದ್ದರೆ ಅದಕ್ಕೆ ಅಧ್ಯಕ್ಷನೂ ಅವನೇ ಆಗಬೇಕಿತ್ತು, ಆದರೆ ಚುನಾವಣೆಗೆ ಎದ್ದು ಹೋಗುತ್ತಿರಲಿಲ್ಲ. ಡಬ್ಬಿಯನ್ನು ಮನೆಗೆ ಒಯ್ದು, ತೀರಿಕೊಂಡ ಹೆಂಡತಿಯ ಪಿಯಾನೊ ಮೇಲೆ ಇಡುತ್ತಿದ್ದ. ಅದು ಅಲ್ಲಿ ಒಂದು ವಾರ, ಹತ್ತು ದಿನ ಬಿದ್ದಿರುತ್ತಿತ್ತು. ಒಂದು ವರ್ಷವಂತೂ ಜುಲೈ ಬಂದು ಸ್ವಾತಂತ್ರ್ಯದ ದಿನದ ಪಟಾಕಿ ಹೊಡೆದು ಮುಗಿದ ಮೇಲೆ ಅವನಿಗೆ ನೆನಪಾಯಿತು. ಊರಿಗೆಲ್ಲ ಇದು ಗೊತ್ತಿತ್ತು. ಕೈ ಬಿಗಿಯಾಗಿದ್ದವರು ಆ ಸೋಮವಾರ ಧೈರ್ಯವಾಗಿ ಚೆಕ್ಕು ಬರೆಯುತ್ತಿದ್ದುದು ಬ್ಯಾಂಕಿನ ಮೇಲೆ ಭರವಸೆಯಿಟ್ಟಲ್ಲ, ಆರ್ವಿಲ್‌ನ ಪಿಯಾನೊ ಮೇಲೆ.

ಡೆಲ್ಬರ್ಟ್ ಹೋದ ಎರಡನೆಯ ವರ್ಷ ಆರ್ಡಿತ್ ನಲವತ್ತು ಡಾಲರಿನ ಚೆಕ್ಕು ಬರೆದಳು. ಏತಕ್ಕಾಗಿ ಎಂದು ಬರೆಯಲು ಚೆಕ್ಕಿನ ಮೂಲೆಯಲ್ಲಿ ಒಂದು ಗೆರೆ ಇರುತ್ತದೆ. ಅದರ ಮೇಲೆ 'ಡೆಲ್ಬರ್ಟನ ಹೂವಿಗೆ' ಎಂದು ಬರೆದಳು. ಖಾತೆಯಲ್ಲಿ ನಲವತ್ತು ಇರಲಿಲ್ಲ. ಶಾಲೆಯ ಸಂಬಳ ಆ ಶುಕ್ರವಾರ ಬರುವುದಿತ್ತು. ಬೇಸಿಗೆ ರಜೆಗೆ ಮುಂಚಿನ ಕೊನೆಯ ಸಂಬಳ ಅದು.

ಆ ವರ್ಷವೇ ಆರ್ವಿಲ್‌ನ ಮೊಮ್ಮಗಳು ಅವನಿಗೊಂದು ಹೊಸ ಫೋನು ಕೊಡಿಸಿದ್ದಳು. ಊಟ ಮುಗಿಸಿ, ಅವನು ತನ್ನ ಅಪ್ಪನ ಗೋರಿಗೆ ಬೆನ್ನು ಒರಗಿಸಿಕೊಂಡು ಕೂತು, ಡಬ್ಬಿಯ ಒಂದೊಂದೇ ಚೆಕ್ಕನ್ನು ಹುಲ್ಲಿನ ಮೇಲಿಟ್ಟು ಫೋಟೊ ಹೊಡೆದ. ಹೊಡೆದದ್ದೇ ತಡ, ಬ್ಯಾಂಕಿಗೆ ಹೋಯಿತಂತೆ. ನಾವೆಲ್ಲ ಸುತ್ತ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆವು.

"ನೋಡ್ರೋ, ಎದ್ದೂ ಇಲ್ಲ ನಾನು! ಕೂತಲ್ಲೇ ಕೆಲಸ ಮುಗೀತು!" ಎಂದು ಮಗುವಿನ ಹಾಗೆ ನಕ್ಕ.

ಎಲ್ಲರೂ ಚಪ್ಪಾಳೆ ತಟ್ಟಿದರು. ಆರ್ಡಿತ್ ಕೂಡ ತಟ್ಟಿದಳು. ಅವಳ ಮುಖ ಸುಣ್ಣವಾದದ್ದನ್ನು ನಾನು ಕಂಡೆ, ಬಿಸಿಲಿಗೆ ಇರಬೇಕು ಎಂದುಕೊಂಡೆ.

ಮಂಗಳವಾರ ಬ್ಯಾಂಕಿನ ಬಾಗಿಲು ತೆಗೆಯುತ್ತಲೇ ಆ ನಲವತ್ತು ಡಾಲರು ಅವಳ ಖಾತೆಯಿಂದ ಹೋಯಿತು, ಖಾತೆ ಸೊನ್ನೆಗಿಂತ ಕೆಳಗಿಳಿಯಿತು. ಬ್ಯಾಂಕು ಚೆಕ್ಕನ್ನು ವಾಪಸು ಕಳಿಸಲಿಲ್ಲ, ಮರ್ಯಾದೆ ಉಳಿಸಿತು. ಉಳಿಸಿದ್ದಕ್ಕೆ ಮೂವತ್ತೈದು ಡಾಲರು ದಂಡ ಹಿಡಿಯಿತು. ಬುಧವಾರ ಕರೆಂಟಿನವರಿಗೆ ಬರೆದ ಚೆಕ್ಕು ಬಂತು, ಅಂಥವಕ್ಕೆಂದು ಇಟ್ಟಿದ್ದ ಚೂರು ದುಡ್ಡೂ ಹೋಗಿದ್ದರಿಂದ ಮತ್ತೆ ದಂಡ. ಗುರುವಾರ ದಿನಸಿಯದು, ಔಷಧಿ ಅಂಗಡಿಯ ಪುಟ್ಟದೊಂದು, ಎರಡಕ್ಕೂ ಬೇರೆ ಬೇರೆ ದಂಡ. ಆರು ಡಾಲರಿನ ಕೆಮ್ಮಿನ ಔಷಧಿಗೆ ಮೂವತ್ತೈದು ಡಾಲರು! ಶುಕ್ರವಾರದ ಸಂಬಳ ಬಂದದ್ದೇ ಆ ಹೊಂಡ ತುಂಬಲು ಹೋಯಿತು. ಆ ಸಂಬಳವನ್ನೇ ನಂಬಿ ಬರೆದಿದ್ದ ಉಳಿದ ಚೆಕ್ಕುಗಳು ಒಂದರ ಹಿಂದೆ ಒಂದು ಬಂದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಮೂವತ್ತು ವರ್ಷ ಅವಳು ತಿರುಗಿಸಿದ ಚಕ್ರ ಒಂದು ವಾರದಲ್ಲಿ ಒಡೆದು ಬಿತ್ತು.

ರಸ್ತೆ ದಾಟಿ ಬ್ಯಾಂಕಿಗೆ ಹೋಗಿ ಒಂದು ಮಾತು ಕೇಳಿದ್ದರೆ ಎರಡು ದಂಡವನ್ನಾದರೂ ಬಿಡುತ್ತಿದ್ದರೋ ಏನೋ. ಇವಳು ಹೋಗಲಿಲ್ಲ. ಕೌಂಟರಿನಲ್ಲಿ ಕೂತ ಜೂನೆಲ್ ಇವಳ ಕೈಯಲ್ಲೇ ಶಾಲೆಯಲ್ಲಿ ಊಟ ಬಡಿಸಿಕೊಂಡು ಬೆಳೆದ ಹುಡುಗಿ. ಅವಳೆದುರು ಹೇಗೆ ಹೇಳುವುದೆಂಬ ನಾಚಿಕೆ. ಬಂದ ಪತ್ರಗಳನ್ನು ಒಡೆಯದೆ ಬ್ರೆಡ್ಡಿನ ಪೆಟ್ಟಿಗೆಯಲ್ಲಿ ತುಂಬಿದಳು. ಬೇಸಿಗೆಯಲ್ಲಿ ಸಂಬಳವಿಲ್ಲ. ಆಗಸ್ಟಿನಲ್ಲಿ ಬ್ಯಾಂಕು ಖಾತೆಯನ್ನೇ ಮುಚ್ಚಿತು. ಕ್ರಿಸ್‌ಮಸ್ಸಿನ ಹೊತ್ತಿಗೆ ಅವಳು ಪೈಸೆ ಪೈಸೆ ನಗದಾಗಿ ತೀರಿಸಿದಳು, ಅದೂ ಮಧ್ಯಾಹ್ನ ಜೂನೆಲ್ ಊಟಕ್ಕೆ ಹೋದ ಹೊತ್ತು ನೋಡಿಕೊಂಡು. ಹಣ ತೀರಿತು. ಆದರೆ ಅಷ್ಟರಲ್ಲಿ ಅವಳ ಹೆಸರು ಬೇರೆ ಕಡೆ ಹೋಗಿಯಾಗಿತ್ತು.

ಅದು ಅವಳಿಗೆ ತಿಳಿದದ್ದು ಪಕ್ಕದ ಊರಿನ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯಲು ಹೋದಾಗ. ಟೈ ಕಟ್ಟಿದ ಯಾರೋ ಅವಳ ಹೆಸರನ್ನು ಕಂಪ್ಯೂಟರಿಗೆ ಬಡಿದು, ತೆರೆ ನೋಡಿ, ದನಿ ತಗ್ಗಿಸಿದನಂತೆ. ಹಿಂದಿನ ಬ್ಯಾಂಕುಗಳಲ್ಲಿ ಯಾರು ಯಾರು ಹೇಗೆ ನಡೆದುಕೊಂಡರು ಎಂದು ಬರೆದಿಡುವ ಕಂಪನಿಯೊಂದಿದೆ, ಅವರ ವರದಿಯಲ್ಲಿ ನಿಮ್ಮ ಹೆಸರಿದೆ, ಹಾಗಾಗಿ ಖಾತೆ ಕೊಡಲಾಗದು, ಎಂದ. ವರದಿಯ ಪ್ರತಿ ಬೇಕಾದರೆ ಪುಕ್ಕಟೆ ತರಿಸಿಕೊಳ್ಳಬಹುದೆಂದು ಒಂದು ಚೀಟಿಯಲ್ಲಿ ಫೋನ್ ನಂಬರು ಕೊಟ್ಟ. ಆರ್ಡಿತ್ ಥ್ಯಾಂಕ್ಸ್ ಹೇಳಿ, ಚೀಟಿಯನ್ನು ಮನೆಗೆ ತಂದು ಹೊಲಿಗೆಯ ಪೆಟ್ಟಿಗೆಯ ತಳದಲ್ಲಿ ಹೂತಳು.

ನನಗೆ ಇಷ್ಟೆಲ್ಲ ಗೊತ್ತಾದದ್ದು ಬಿಯರ್ ಅಂಗಡಿಯಿಂದ. ಎಂದೂ ಒಂದು ಹನಿ ಮುಟ್ಟದ ಹೆಂಗಸು ಹದಿನೈದು ದಿನಕ್ಕೊಮ್ಮೆ ಬಿಯರ್ ಅಂಗಡಿಯಿಂದ ಇಳಿದು ಬಂದರೆ ಯಾರಿಗೆ ಸಂಶಯ ಬರುವುದಿಲ್ಲ? ಒಂದು ದಿನ ರಸ್ತೆಯಲ್ಲೇ ಹಿಡಿದೆ.

"ಏನೇ ಇದು, ಈ ವಯಸ್ಸಿನಲ್ಲಿ ಶುರು ಮಾಡ್ಕೊಂಡ್ಯಾ?"

"ಸಂಬಳದ ಚೆಕ್ಕು ಬಿಡಿಸ್ಕೊಳ್ಳೋಕೆ ಹೋಗಿದ್ದೆ ಕಣೋ. ನೂರಕ್ಕೆ ಮೂರು ಹಿಡ್ಕೋತಾನೆ ಆ ಮುಂಡೇಗಂಡ."

ಅಂಗಡಿಯೊಳಗೆ ಕರೆದು, ಕ್ಷೌರದ ಕುರ್ಚಿಯಲ್ಲಿ ಕೂರಿಸಿ, ಎಲ್ಲ ಬಾಯಿ ಬಿಡಿಸಿದೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬ್ಯಾಂಕಿನ ಮೇಲೋ, ಇವಳ ಮೇಲೋ, ಆ ಫೋನಿನ ಮೇಲೋ ಎಂದು ನನಗೇ ಗೊತ್ತಾಗಲಿಲ್ಲ.

"ಆರ್ವಿಲ್‌ಗೆ ಹೇಳಿದ್ಯಾ?"

"ಅಯ್ಯೋ, ಹೇಳ್ಬೇಡ ಮಾರಾಯ! ಹೆಂಡ್ತಿ ಹೋದ್ಮೇಲೆ ಅವನು ನಕ್ಕಿದ್ದು ಅವತ್ತೇ ಮೊದಲು. ಫೋನ್ ಹಿಡ್ಕೊಂಡು ಎಷ್ಟ್ ಸಂತೋಷವಾಗಿದ್ದ, ನೋಡ್ಲಿಲ್ವಾ ನೀನು?"

ಅಂದಿನಿಂದ ನನ್ನ ಗಲ್ಲಾಪೆಟ್ಟಿಗೆಯೇ ಅವಳ ಬ್ಯಾಂಕು. ಅವಳ ಸಂಬಳದ ಚೆಕ್ಕನ್ನು ನಾನು ಇಟ್ಟುಕೊಂಡು ನೋಟು ಕೊಡುತ್ತಿದ್ದೆ. ಕರೆಂಟಿಗೆ, ನೀರಿಗೆ ಅವಳು ಅಂಚೆ ಕಚೇರಿಯಲ್ಲಿ ಮನಿಯಾರ್ಡರು ಮಾಡಿಸುತ್ತಿದ್ದಳು. ಗೋರಿಗಳ ಡಬ್ಬಿಗೆ ಪ್ರತಿ ವರ್ಷ ನಗದು ನೋಟನ್ನು ಸಣ್ಣಗೆ ಮಡಚಿ ಹಾಕುತ್ತಿದ್ದಳು. ನನಗೆ ಬಡ್ಡಿಯಾಗಿ ರೂಬಾರ್ಬ್ ಎಂಬ ಹುಳಿ ದಂಟು ತುಂಬಿ ಬೇಯಿಸಿದ ಪೈ ಬರುತ್ತಿತ್ತು. ಆ ಕಂಪನಿಗೆ ಒಂದು ಫೋನು ಮಾಡು, ನಿನ್ನ ಹೆಸರಿನ ಮುಂದೆ ಏನಿದೆಯೋ ತಿಳಿದುಕೋ ಎಂದು ಎಷ್ಟು ಸಲ ಹೇಳಿದೆನೋ. ಗೋಡೆಗೆ ಹೇಳಿದಂತಾಯಿತು.

"ನೋಡಿದ್ರೆ ನಿಜ ಆಗಿಬಿಡುತ್ತೆ ಹೋಬಿ. ನೋಡದೇ ಇದ್ರೆ ಇನ್ನೂ ಕನಸಲ್ಲೇ ಇರುತ್ತೆ."

ನಿಜವಾಗಿಯೂ ಅದು ಅವಳ ಕನಸಿಗೆ ಬರುತ್ತಿತ್ತು. ಒಂದು ಉದ್ದನೆಯ ಹಜಾರವಂತೆ. ಎರಡು ಕಡೆಯೂ ಸೂರಿನ ತನಕ ಡ್ರಾಯರುಗಳು. ಹೊರಗೆ ನದಿಯ ಸದ್ದು. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ಏಣಿ ಹತ್ತಿ ಒಂದು ಡ್ರಾಯರು ಎಳೆದು, ಆ ನಲವತ್ತು ಡಾಲರಿನ ಚೆಕ್ಕನ್ನು ತೆಗೆದು, ಊರಿನವರೆಲ್ಲ ಕೇಳುವ ಹಾಗೆ ಓದುತ್ತಾಳೆ: ಡೆಲ್ಬರ್ಟನ ಹೂವಿಗೆ. ಡೆಲ್ಬರ್ಟ್ ಬಾಗಿಲ ಬಳಿ ಒದ್ದೆ ಬೂಟು ಹಾಕಿಕೊಂಡು ನಿಂತಿರುತ್ತಾನೆ. ಈ ಕನಸನ್ನು ಅವಳು ಎಷ್ಟು ಸಮಾಧಾನವಾಗಿ ಹೇಳುತ್ತಿದ್ದಳೆಂದರೆ, ನಾನು ಕತ್ತರಿ ಹಿಡಿದುಕೊಂಡು ಹಾಗೇ ನಿಂತುಬಿಡುತ್ತಿದ್ದೆ. ಗಿರಾಕಿ ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದ.

ಹೀಗೆ ಆರು ವರ್ಷ ಆಗುತ್ತ ಬಂತು. ಆರನೆಯ ವಸಂತದಲ್ಲಿ, ಐರಿಸ್ ಗಿಡಗಳು ಚಿಗುರುವ ಹೊತ್ತಿಗೆ, ಆರ್ವಿಲ್ ತನ್ನ ಕುರ್ಚಿಯಲ್ಲೇ ಕಣ್ಣು ಮುಚ್ಚಿದ. ಎದ್ದು ಹೋಗುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ಆ ಮೇ ತಿಂಗಳ ಸೋಮವಾರ ಊಟದ ನಂತರ ಹೊಸ ಖಜಾಂಚಿಯ ಮಾತು ಬಂತು. ಸಂಘದ ಕಾರ್ಯದರ್ಶಿ ವಿಲೋಡೀನ್ ಕ್ರೌಚ್. ನಿವೃತ್ತಳಾಗಿ ಎಷ್ಟೋ ವರ್ಷವಾದರೂ ಊರಿಗೆಲ್ಲ ಇನ್ನೂ ಟೀಚರೇ. ಒಳ್ಳೆಯ ಮನಸ್ಸು, ಆದರೆ ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನದಿಯ ಆಚೆ ದಡದ ಕೆಂಟಕಿಯವರಿಗೂ ಗೊತ್ತಾಗುತ್ತದೆ. ಟೀಚರ್ ಮೇಜು ತಟ್ಟಿ ಎದ್ದು ನಿಂತರು.

"ನೋಡ್ರಪ್ಪ, ಈ ಗೋರಿಗಳಿಗೆ ನೀರು ಹಾಕಿ ಕಳೆ ಕೀಳೋರು ಯಾರು? ಆರ್ಡಿತ್. ಯಾರಿಗಾದ್ರೂ ಒಂದು ಡಾಲರು ಬಾಕಿ ಇಟ್ಟಿದ್ದಾಳಾ? ಇಲ್ಲ. ಈ ಊರಲ್ಲಿ ಅವಳಷ್ಟು ನೆಟ್ಟಗಿರೋರು ಇನ್ಯಾರಿದ್ದಾರೆ? ಆರ್ಡಿತ್ ಖಜಾಂಚಿ ಆಗ್ಲಿ ಅನ್ನೋರು ಕೈ ಎತ್ತಿ."

ಕೈಗಳೆಲ್ಲ ಮೇಲೆದ್ದವು. ಕೋಳಿಕಾಲು ಹಿಡಿದ ಕೈಗಳೂ ಎದ್ದವು. ಆರ್ಡಿತ್ ಪುಡಿಂಗಿನ ಚಮಚ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಗೌರವ ಅಂಗಳಕ್ಕೆ ಬಂದು ನಿಂತಿದೆ, ಒಳಗೆ ಕರೆಯುವ ಹಾಗಿಲ್ಲ.

"ಗುರುವಾರ ಬ್ಯಾಂಕಿಗೆ ಹೋಗೋಣ," ಎಂದರು ಟೀಚರ್. "ಸಂಘದ ಖಾತೆಗೆ ನಿನ್ನ ಸಹಿ ಬೇಕು. ಹೆಸರು ಹಾಕಿ ಏನೋ ಒಂದ್ಸಲ ತಪಾಸಣೆ ಮಾಡ್ತಾರಂತೆ, ಅಷ್ಟೇ."

ಮಾರನೆಯ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

"ಹೋಬಿ, ನಂಗೊಂದು ರೋಗ ಹೇಳು."

"ಏನಂದೆ?"

"ಸಾಯೋ ಅಂಥದ್ದು ಬೇಡ. ಖಜಾಂಚಿ ಆಗೋಕೆ ಆಗಬಾರದು, ಗೋರಿ ಕೆಲಸ ಮಾಡೋಕೆ ತೊಂದ್ರೆ ಇರಬಾರದು. ಅಂಥದ್ದೊಂದು."

ನನಗೆ ನಗು ಬಂತು. "ನಾಚಿಕೆ ಅಂತ ಒಂದಿದೆ," ಎಂದೆ. "ಅದು ನಿಂಗೆ ಆಗ್ಲೇ ಇದೆ. ಎದ್ದೇಳು, ಒಳಗೆ ಬಾ. ಇವತ್ತು ಫೋನ್ ಮಾಡದೇ ಬಿಡಲ್ಲ ನಾನು."

"ಕಂಪ್ಯೂಟರಿನಲ್ಲಿ ನನ್ನ ಹೆಸರು ಕೆಂಪಗೆ ಬಂದು, ಟೀಚರ್ ಪಕ್ಕದಲ್ಲೇ ನಿಂತಿದ್ರೆ?"

"ಅದಕ್ಕೇ ಹೇಳ್ತಿರೋದು. ಅವರಿಗಿಂತ ಮೊದ್ಲು ನೀನು ನೋಡು."

ಅವಳು ಎದ್ದು ಒಳಗೆ ಬಂದಳು. ಆಮೇಲೆ ಕೋಟಿನ ಜೇಬಿನಿಂದ ಆ ಚೀಟಿ ತೆಗೆದಳು. ಹೊಲಿಗೆಯ ಪೆಟ್ಟಿಗೆಯಿಂದ ತಂದೇಬಿಟ್ಟಿದ್ದಳು, ನಾನು ಬೈಯಲಿ ಎಂದು ಕಾದಿದ್ದಳು ಅಷ್ಟೆ. ಫೋನಿನ ಆ ತುದಿಯಲ್ಲಿ ಮನುಷ್ಯರಿರಲಿಲ್ಲ, ಯಂತ್ರ. ಇವಳು ಅದಕ್ಕೂ ಮರ್ಯಾದೆ ಕೊಟ್ಟು, "ಹೌದಮ್ಮ, ಲೂಮಿಸ್, ಹೌದು, ಅದೇ ಮನೆ, ಬದಲಾಗಿಲ್ಲ," ಎಂದಳು. ಕೊನೆಗೆ ದೇವರು ಒಳ್ಳೇದು ಮಾಡಲಿ ಎಂದು ಹರಸಿ ಇಟ್ಟಳು. ವರದಿ ಅಂಚೆಯಲ್ಲಿ ಬರುತ್ತದೆ ಎಂದಿತಂತೆ ಯಂತ್ರ.

ಬರುವ ತನಕ ಟೀಚರನ್ನು ತಡೆಯಬೇಕಲ್ಲ. ಮೊದಲು ಹಲ್ಲುನೋವು ಬಂತು. ಆಮೇಲೆ ಪಿಯೋನಿ ಹೂಗಳನ್ನು ಈಗಲೇ ಕತ್ತರಿಸದಿದ್ದರೆ ಹಾಳಾಗುತ್ತವೆ ಎಂದಾಯಿತು. "ಹೂವಿಗೆ ಬ್ಯಾಂಕಿಗಿಂತ ಅವಸರ ಏನೋ?" ಎಂದು ಟೀಚರ್ ನನ್ನ ಅಂಗಡಿಗೇ ಬಂದು ಗೊಣಗಿ ಹೋದರು. ನಾನು ಯಾರದೋ ಕಿವಿಯ ಹಿಂದೆ ಬಹಳ ಶ್ರದ್ಧೆಯಿಂದ ಕತ್ತರಿ ಆಡಿಸಿದೆ.

ಲಕೋಟೆ ಬಂದದ್ದು ಜೂನ್ ತಿಂಗಳ ಒಂದು ಸಂಜೆ. ಅವಳು ಅದನ್ನು ಒಡೆಯದೆ ಇಟ್ಟುಕೊಂಡು, ಮರುದಿನ ಬೆಳಿಗ್ಗೆ ನನ್ನಲ್ಲಿಗೆ ತಂದಳು. ಹೊರಗೆ ಮಂಜು. ಬ್ಯಾಂಕು ಇಲ್ಲವೇ ಇಲ್ಲವೇನೋ ಎಂಬಂತೆ ಮುಚ್ಚಿಹೋಗಿತ್ತು. ನದಿಯಲ್ಲಿ ಯಾವುದೋ ಹಡಗು ನಿಧಾನವಾಗಿ ತಿರುವು ಹತ್ತುತ್ತಿತ್ತು, ಸೀಸೆಗಳೆಲ್ಲ ಕಪಾಟಿನಲ್ಲಿ ಮೆಲ್ಲಗೆ ಕಿಣಿಕಿಣಿ ಎನ್ನುತ್ತಿದ್ದವು. ಅವಳು ಕ್ಷೌರದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು.

"ನೀನೇ ಓದು. ಮೆಲ್ಲಗೆ ಓದು."

ನಾನು ಕನ್ನಡಕ ಹಾಕಿಕೊಂಡೆ. ಹೆಸರು, ವಿಳಾಸ, ಯಾರು ಯಾವಾಗ ಕೇಳಿದರು ಎಂಬ ಜಾಗ. ಆಮೇಲೆ ಬ್ಯಾಂಕುಗಳು ನಿಮ್ಮ ಬಗ್ಗೆ ವರದಿ ಮಾಡಿದ್ದು ಎಂಬ ತಲೆಬರಹ. ಅದರ ಕೆಳಗೆ ಒಂದೇ ಸಾಲು. ನಾನು ಹಾಳೆ ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ.

"ಏನಿದೆಯೋ?"

"ಏನೂ ಇಲ್ಲ ಕಣೇ."

"ಸುಳ್ಳು ಹೇಳ್ಬೇಡ."

"ನಿನ್ನಾಣೆ. ಮಾಹಿತಿ ಇಲ್ಲ ಅಂತ ಬರೆದಿದ್ದಾರೆ."

ಲಕೋಟೆಯೊಳಗೆ ಸಣ್ಣ ಅಕ್ಷರದ ಇನ್ನೊಂದು ಕಾಗದವಿತ್ತು. ಅದನ್ನು ಓದಿದ ಮೇಲೆ ತಿಳಿಯಿತು. ಅಂಥ ಸಂಗತಿಗಳನ್ನು ಅವರು ಐದು ವರ್ಷ ಇಟ್ಟುಕೊಳ್ಳುತ್ತಾರೆ, ಆಮೇಲೆ ಅಳಿಸಿಹಾಕುತ್ತಾರೆ. ಇವಳದು ಅಳಿಸಿ ಹೆಚ್ಚುಕಡಿಮೆ ವರ್ಷವೇ ಆಗುತ್ತ ಬಂದಿತ್ತು. ಹಣ ತೀರಿಸಿದ್ದನ್ನು ಅಂದೇ ಅದರಲ್ಲಿ ಬರೆಸಬಹುದಿತ್ತು ಎಂದೂ ಇತ್ತು. ಅದನ್ನು ನಾನು ಅವಳಿಗೆ ಓದಿ ಹೇಳಲಿಲ್ಲ. ಈಗ ಹೇಳಿ ಯಾವ ಪುರುಷಾರ್ಥ?

ಅವಳು ಕಣ್ಣು ಬಿಟ್ಟಳು. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅಂಗೈಯಿಂದ ಸವರಿದಳು.

"ಡೆಲ್ಬರ್ಟನ ಹೂವಿಂದು?"

"ಅದು ಎಂದೂ ಇರಲ್ಲ ಇದ್ರಲ್ಲಿ. ಖಾತೆ ಮೈನಸ್ ಆಯ್ತು, ಮುಚ್ಚಿದ್ವಿ, ಇಷ್ಟೇ ಬರೀತಾರೆ."

"ಮೂವತ್ತು ವರ್ಷ ಒಂದ್ ಚೆಕ್ಕೂ ವಾಪಸ್ ಬಂದಿರ್ಲಿಲ್ವಲ್ಲ, ಅದು?"

"ಒಳ್ಳೇದನ್ನ ಯಾರು ಬರೀತಾರೆ ಮಾರಾಯ್ತಿ."

"ಹಾಗಾದ್ರೆ ಇವರಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ," ಎಂದಳು. "ನಾನೊಬ್ಬಳೇ ಹೆದರ್ಕೊಂಡು ಕೂತಿದ್ದೆ."

ಆಗ ಅತ್ತಳು. ಗಂಡ ಸತ್ತಾಗಲೂ ನಮ್ಮೆದುರು ಅಳದವಳು, ಖಾಲಿ ಹಾಳೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಗಿರಾಕಿಗಳ ಮುಖಕ್ಕೆ ಹಾಕುವ ಬಿಸಿ ಟವೆಲನ್ನು ಹಿಂಡಿ ಅವಳ ಕೈಗೆ ಕೊಟ್ಟೆ. ಮುಖ ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದಳು. ಹಡಗು ತಿರುವು ದಾಟಿ ಹೋದ ಮೇಲೆ ಸೀಸೆಗಳ ಸದ್ದು ನಿಂತಿತು.

ಅದೇ ವಾರ ಟೀಚರ್ ಜೊತೆ ರಸ್ತೆ ದಾಟಿ ಬ್ಯಾಂಕಿಗೆ ಹೋದಳು. ಜೂನೆಲ್ ಹೆಸರು ಬಡಿದು, ತೆರೆ ನೋಡಿ, "ಎಲ್ಲ ಸರಿ ಇದೆ ಮಿಸ್ ಆರ್ಡಿತ್, ಇಲ್ಲಿ ಸಹಿ ಹಾಕಿ," ಎಂದಳಂತೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೊರಗೆ ಬಂದವಳು ಟೀಚರಿಗೆ ಕಾಣದ ಹಾಗೆ ಕೋಟಿನ ತುದಿಯಿಂದ ಮೂಗು ಒರೆಸಿಕೊಂಡಳು. ತನ್ನ ಹೆಸರಿಗೆ ಒಂದು ಖಾತೆಯನ್ನೂ ತೆರೆದು ಬಂದಿದ್ದಳು. ನನಗೆ ಪೈ ಬರುವುದು ನಿಂತೀತು ಎಂದು ಒಂದು ಕ್ಷಣ ಬೇಜಾರಾಯಿತು, ಸುಳ್ಳೇಕೆ ಹೇಳಲಿ?

ಮುಂದಿನ ವರ್ಷದ ಮೇ ಸೋಮವಾರ ಡಬ್ಬಿ ಅವಳ ಕೈಯಲ್ಲಿತ್ತು. ಟೀಚರ್ ಸಂಘದ ಖರ್ಚಿನಲ್ಲೇ ಅವಳಿಗೊಂದು ಫೋನು ಕೊಡಿಸಿ, ಫೋಟೊ ಹೊಡೆಯುವುದನ್ನೂ ಹೇಳಿಕೊಟ್ಟಿದ್ದರು. ಗೇಟಿನ ಬಳಿ ಸಾಲು ನಿಂತಿತ್ತು. ಸಾಲಿಗೆ ಸೇರದೆ ಬೇಲಿಯ ಪಕ್ಕ ಮರ್ನಿ ನಿಂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಆರ್ಡಿತ್ ಜೊತೆ ತಟ್ಟೆ ತೊಳೆಯುವ ಹುಡುಗಿ. ಚಳಿಗಾಲದಲ್ಲಿ ಅವಳ ತಮ್ಮನನ್ನು ಇದೇ ದಿಣ್ಣೆಯಲ್ಲಿ ಮಣ್ಣು ಮಾಡಿದ್ದೆವು. ಚೆಕ್ಕುಪುಸ್ತಕ ಕೈಯಲ್ಲಿತ್ತು, ತೆಗೆಯುತ್ತಿದ್ದಳು, ಮುಚ್ಚುತ್ತಿದ್ದಳು. ಅವರಿಬ್ಬರಿಗೂ ಸಂಬಳ ಬರುವುದು ಒಂದೇ ಶುಕ್ರವಾರ.

ಆರ್ಡಿತ್ ಅವಳ ಕಡೆ ತಿರುಗಲೂ ಇಲ್ಲ. ಎಲ್ಲರಿಗೂ ಕೇಳುವ ಹಾಗೆ ದನಿ ಎತ್ತಿದಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು.

"ಕೇಳ್ರಪ್ಪ, ಮೊದ್ಲೇ ಹೇಳಿಬಿಡ್ತೀನಿ. ನಾನು ಆರ್ವಿಲ್‌ಗಿಂತ ದೊಡ್ಡ ಸೋಮಾರಿ. ಈ ಡಬ್ಬಿ ನಮ್ಮನೇಗ್ ಹೋದ್ರೆ ಮುಂದಿನ ವಾರದ ತನಕ ಎದ್ದೇಳಲ್ಲ. ಫೋಟೊ ಗೀಟೊ ನಂಗ್ ಬರಲ್ಲ."

ಎಲ್ಲರೂ ನಕ್ಕರು. ಇಡೀ ಊರಿನಲ್ಲಿ ಎಲ್ಲರಿಗಿಂತ ಮೊದಲು ಏಳುವ ಹೆಂಗಸು ಇವಳು. "ಹೇಳಿಕೊಟ್ಟಿದ್ದೀನಲ್ಲೇ, ಆಗ್ಲೇ ಮರೆತ್ಯಾ?" ಎಂದು ಟೀಚರ್ ಕೂಗಿದರು.

"ವಯಸ್ಸಾಯ್ತು ಟೀಚರ್," ಎಂದಳು ಆರ್ಡಿತ್.

ನಗು ಅಡಗಿದ ಮೇಲೆ ಮರ್ನಿ ಬಂದು ಸಾಲಿನ ಕೊನೆಗೆ ನಿಂತಳು. ಅವಳ ಸರದಿ ಬಂದಾಗ ಬೇಲಿಯ ಕಂಬದ ಮೇಲೆ ಪುಸ್ತಕವಿಟ್ಟು ಬರೆದಳು. ಮೂಲೆಯ ಆ ಗೆರೆಯ ಮೇಲೆ ಏನೋ ಬರೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆರ್ಡಿತ್ ನದಿಯ ಕಡೆ ನೋಡುತ್ತ ನಿಂತಿದ್ದಳು. ಚೆಕ್ಕು ಒಳಗೆ ಬಿದ್ದ ಮೇಲೆ ಡಬ್ಬಿಯನ್ನು ಎದೆಗವಚಿಕೊಂಡು ಮನೆಗೆ ಹೋದಳು.

ಆರ್ವಿಲ್‌ನ ಮನೆ ಖಾಲಿ ಮಾಡುವಾಗ ಯಾರಿಗೂ ಬೇಡವಾದ ಆ ಪಿಯಾನೊವನ್ನು ಅವಳು ತಂದು ಮುಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದಳು. ಅವಳಿಗೆ ಒಂದು ಸ್ವರವೂ ಬಾರದು. ಇದೇನು ಹುಚ್ಚು ಎಂದು ಅದನ್ನು ಹೊರಲು ಹೋದ ನಾವೆಲ್ಲ ಬೈದುಕೊಂಡಿದ್ದೆವು. ಗುರುವಾರ ಬೆಳಿಗ್ಗೆ ಅವಳ ಮನೆಯ ಮುಂದೆ ಹಾದು ಹೋಗುವಾಗ ಕಿಟಕಿಯೊಳಗೆ ನೋಡಿದೆ. ಡಬ್ಬಿ ಪಿಯಾನೊ ಮೇಲೆ ಇತ್ತು, ಮಂಜು ಇನ್ನೂ ಬಿಟ್ಟಿರಲಿಲ್ಲ, ಸಂಬಳ ನಾಳೆ ಬರುವುದಿತ್ತು.